ಇರುಳಿಲ್ಲದ ‘ಇರುಳ ಪಹರೆ’

ಆಂಸ್ಟರ್‌ಡ್ಯಾಮ್ ನಗರದ ರೈಕ್ಸ್ ಮ್ಯೂಸಿಯಮನ್ನು ಏಕಾಕಿಯಾಗಿ ಹೊಕ್ಕ ಪ್ರವಾಸಿಯು ರೆಂಬ್ರಾಂಟನ ‘ಇರುಳ ಪಹರೆ’ಯ ಮುಂದೆ ನಿಂತು, ಚಿತ್ರಕ್ಕಿಂತ ಮೊದಲು ಅದರ ಹೆಸರನ್ನೇ ಕಾಣುತ್ತಾನೆ. 1642ರಲ್ಲಿ ನಗರರಕ್ಷಕದಳದ ಮಂದಿರಕ್ಕೆಂದು ಬರೆದ ಈ ಪಟದಲ್ಲಿ ಇರುಳೇ ಇಲ್ಲ. ಮೆರುಗೆಣ್ಣೆಯು ಕಾಲಾಂತರದಲ್ಲಿ ಕಪ್ಪಾಗಲು, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಹೆಸರದು. 1946-47ರಲ್ಲಿ ಆ ಕಪ್ಪನ್ನು ತೆಗೆದ ಮೇಲೆ ಹಗಲು ಮರಳಿತು. ಹೆಸರು ಮಾತ್ರ ತೊಲಗಲಿಲ್ಲ.

ಇದಕ್ಕಿಂತಲೂ ಖೇದಕರವಾದುದು 1715ರ ಕೃತ್ಯ. ಪುರಭವನದ ಗೋಡೆಗೆ ಹೊಂದಲೆಂದು ಪಟದ ನಾಲ್ಕು ಅಂಚುಗಳನ್ನೂ ಕತ್ತರಿಸಿದರು — ಓಲೆಯ ಅಳತೆಗೆ ಶ್ಲೋಕದ ಪಾದವನ್ನು ಮುರಿದಂತೆ! ಎಡದಲ್ಲಿ ಹೆಚ್ಚು ಹೋಯಿತು. ಅಲ್ಲಿದ್ದ ಆಳುಗಳೂ ಹೋದರು. ದಳಪತಿಯಾದ ಬಾನಿಂಗ್ ಕಾಕನು ಮೊದಲು ನಡುವಿನಿಂದ ಬಲಕ್ಕಿದ್ದು, ಎಡದ ತೆರವಿನತ್ತ ಅಡಿಯಿಡುತ್ತಿದ್ದನೆಂಬುದು ಲುಂಡೆನ್ಸನೆಂಬವನು ಬರೆದ ಹಳೆಯ ಕಿರುಪ್ರತಿಯಿಂದ ತಿಳಿಯುತ್ತದೆ. ಈಗ ಅವನು ನಟ್ಟನಡುವೆ ನಿಂತುಬಿಟ್ಟಂತೆ ತೋರುತ್ತಾನೆ. ವೀರಕ್ಕೆ ಸ್ಥಾಯಿಯಾದ ಉತ್ಸಾಹವು ಆ ನಡಿಗೆಯಲ್ಲಿತ್ತು. ಕತ್ತರಿ ಬಿದ್ದುದು ಅದಕ್ಕೇ.

ಸಂಗಡಿಗರಿಲ್ಲದವನಿಗೆ ಹೊತ್ತಾದರೂ ಉಂಟಷ್ಟೆ. ಸಹೃದಯನಿಗೆ ಅದು ಸಾಲದೆ ಹೋಗದು. ಹೆಸರಿನ ಕತ್ತಲೆ ಕಣ್ಣಿನಿಂದ ಹರಿದ ಬಳಿಕ, ಕೋವಿ ಈಟಿಗಳ ಗೊಂದಲದ ನಡುವೆ ಹೊಂಬಣ್ಣದ ಉಡುಪಿನ ಪುಟ್ಟ ಬಾಲಿಕೆಯೊಬ್ಬಳೂ, ಅವಳ ಸೊಂಟದಿಂದ ತೂಗುವ ಕೋಳಿಯೂ ಅವನಿಗೆ ಗೋಚರವಾಗುತ್ತವೆ. ಕರಿಯ ಉಡುಪಿನ ದಳಪತಿಗಿಂತ ಹೆಚ್ಚಿನ ಬೆಳಕು ಅವಳ ಮೇಲೆ ಬಿದ್ದಿದೆ.