ರೀಲಿನಲ್ಲಿ ತೆಗೆದ ಹಾಡು: ರಸಿಕರಿಗೊಂದು ಕೈಪಿಡಿ

ರೀಲಿನಲ್ಲಿ ತೆಗೆದ ಹಾಡಿನ ಮೊದಲ ಗುಣ ಅದರ ಜಿಪುಣತನ. 35 ಮಿ.ಮೀ. ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ ನಿಮಿಷಕ್ಕೆ 90 ಅಡಿ ಓಡುತ್ತದೆ. ನಾಲ್ಕೂವರೆ ನಿಮಿಷದ ಹಾಡೆಂದರೆ ಹೆಚ್ಚುಕಡಿಮೆ 400 ಅಡಿಯ ಒಂದು ರೋಲು. ದುಡ್ಡು ಕರಗುವ ಸದ್ದು ಕ್ಯಾಮೆರಾದೊಳಗೇ ಕೇಳುತ್ತಿದ್ದುದರಿಂದ ರಿಹರ್ಸಲ್ ಪಕ್ಕಾ ಆಗದೆ ಗುಂಡಿ ಒತ್ತುತ್ತಿರಲಿಲ್ಲ. ದಿನವಿಡೀ ಡ್ರೋನ್ ಹಾರಿಸಿ, ಹಾಡನ್ನು ಎಡಿಟಿಂಗ್ ಕೋಣೆಯಲ್ಲಿ ಹುಡುಕುವವರಿಗೆ ಈ ಶಿಸ್ತು ಅರ್ಥವಾಗುವುದು ಕಷ್ಟ.

ಮಂಡ್ಯ ಜಿಲ್ಲೆ ಇಂಥ ಹಾಡುಗಳಿಗೆ ಒಗ್ಗಿದ ನೆಲ. ಮಣಿರತ್ನಂ ಅವರ ‘ಗುರು’ (2007) ಚಿತ್ರದ ಮಳೆ ಹಾಡಿಗೆ ರಾಜೀವ್ ಮೆನನ್ ಮೇಲುಕೋಟೆಯಲ್ಲೂ ಕ್ಯಾಮೆರಾ ಇಟ್ಟಿದ್ದರು. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಪ್ರೇಮ್ ನಿರ್ದೇಶಿಸಿದ ‘ಜೋಗಿ’ಯೂ (2005) ರೀಲಿನ ಕಾಲದ್ದೇ.

ನೋಡಲು ಕಲಿಯಬೇಕಾದದ್ದು ಸ್ಲೋ ಮೋಷನ್ನಿನಲ್ಲಿ ತುಟಿಯನ್ನು. ಕ್ಯಾಮೆರಾವನ್ನು 48 ಫ್ರೇಮಿನಲ್ಲಿ ಓಡಿಸಿ ಪರದೆಗೆ 24ರಲ್ಲಿ ಬಿಟ್ಟರೆ ಸೆರಗು, ಕೂದಲು, ನೀರಹನಿ ಎಲ್ಲವೂ ಅರ್ಧ ವೇಗಕ್ಕೆ ಇಳಿಯುತ್ತವೆ. ತುಟಿ ಮಾತ್ರ ಹಾಡಿನ ತಾಳಕ್ಕೇ ಇರಬೇಕು. ಅದಕ್ಕಾಗಿ ಶೂಟಿಂಗ್ ಜಾಗದಲ್ಲಿ ನಾಗ್ರಾ ಎಂಬ ಟೇಪ್ ಯಂತ್ರದಿಂದ ಹಾಡನ್ನು ದುಪ್ಪಟ್ಟು ವೇಗದಲ್ಲಿ ಬಿಡುತ್ತಿದ್ದರು. ಗಂಭೀರ ಕಂಠವೂ ಆಗ ಗುಬ್ಬಚ್ಚಿಯ ಚಿಲಿಪಿಲಿ. ನಾಯಕ ಆ ಚಿಲಿಪಿಲಿಗೆ ಬಾಯಿ ಆಡಿಸುತ್ತಲೇ ಕಣ್ಣಲ್ಲಿ ವಿರಹ ತುಂಬಿಕೊಳ್ಳಬೇಕು. ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯಂಥ ಜಾಗದಲ್ಲಾದರೆ ನೀರಿನ ಭೋರ್ಗರೆತವನ್ನೂ ಮೀರಿ ಸ್ಪೀಕರ್ ಕೂಗಬೇಕು. ಅಷ್ಟರಲ್ಲಿ 400 ಅಡಿಯ ರೋಲು ಎರಡೂಕಾಲು ನಿಮಿಷಕ್ಕೇ ಖಾಲಿ. ‘ಪ’, ‘ಬ’, ‘ಮ’ ಬಂದಾಗ ತುಟಿ ಮುಚ್ಚಿತೋ ಇಲ್ಲವೋ ಎಂಬುದೇ ಪರೀಕ್ಷೆ. ದೀರ್ಘಾಲಾಪದಲ್ಲಿ ಯಾರೂ ಸಿಕ್ಕಿಬೀಳುವುದಿಲ್ಲ. ಇಂದೂ ಈ ಉಪಾಯ ಉಂಟು, ಆದರೆ ಟೇಕ್ ಮುಗಿದ ತಕ್ಷಣ ಮಾನಿಟರಿನಲ್ಲಿ ನೋಡಿ ತಿದ್ದಿಕೊಳ್ಳಬಹುದು. ರೀಲಿನ ಕಾಲದಲ್ಲಿ ತಪ್ಪು ನಿಚ್ಚಳವಾಗಿ ಗೊತ್ತಾಗುತ್ತಿದ್ದುದು ಲ್ಯಾಬಿನಿಂದ ರಷಸ್ (ಚಿತ್ರಿಸಿದ್ದರ ಮೊದಲ ಪ್ರತಿ) ಬಂದ ಮೇಲೆ, ಎಲ್ಲರೂ ಊರು ಸೇರಿದ ಮೇಲೆ. ಟಾಕೀಸಿನ ಮುಂದಿನ ಬೆಂಚಿನಲ್ಲಿ ಕೂತು ಈ ತುಟಿಯ ತಪ್ಪನ್ನೊಮ್ಮೆ ಕಂಡುಹಿಡಿದವರಿಗೆ ಆಮೇಲೆ ನಾಯಕಿಯೂ ಕಾಣುವುದಿಲ್ಲ, ಬರೀ ತುಟಿ.

ಇನ್ನು ಬೆಳಕು. ನೆಗೆಟಿವ್ ಫಿಲ್ಮು ಹೆಚ್ಚು ಬೆಳಕನ್ನು ತಟ್ಟನೆ ಕೈಬಿಡದು. ಜಲಪಾತದ ನೊರೆ ಬಿಳಿ ಬಟ್ಟೆಯಾಗದೆ ಎಳೆ ಎಳೆಯಾಗಿ ಉಳಿಯುತ್ತದೆ. ಬೆಳಕಿನ ವಿದ್ಯೆಯಲ್ಲಿ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರದು ದೊಡ್ಡ ಹೆಸರು. ‘ಕಾಗಜ್ ಕೇ ಫೂಲ್’ (1959) ಚಿತ್ರದ ಹಾಡಿಗೆ ಅವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೊದೊಳಕ್ಕೆ ತಿರುಗಿಸಿ ಬೆಳಕಿನ ಕೋಲನ್ನೇ ನಿಲ್ಲಿಸಿದರು.

ಮೇಲುಕೋಟೆಯ ಮೆಟ್ಟಿಲ ಮೇಲೆ ಮದುವೆಗೆ ಮುಂಚಿನ ವಿಡಿಯೊ ತೆಗೆಸಿಕೊಂಡು, ಅದರ ಮೇಲೆ ಆ್ಯಪಿನಿಂದ ಗೀರು, ದೂಳು ಉದುರಿಸಿ ‘ಫಿಲ್ಮ್ ಲುಕ್’ ಎನ್ನುವ ಜೋಡಿಗಳಿವೆ. ಗೀರು ಫಿಲ್ಮಿನ ಲಕ್ಷಣವಲ್ಲ, ಸವೆದ ಪ್ರಿಂಟಿನ ಕಾಯಿಲೆ. ಹೊಸ ಪ್ರಿಂಟಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಯೂಟ್ಯೂಬಿನ ಹಳೆಯ ಹಾಡುಗಳ ಕೆಂಪು ಛಾಯೆಯನ್ನೂ ಮೆಚ್ಚಬೇಕಾಗಿಲ್ಲ. ಹಳೆಯ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ಬಣ್ಣ ಮೊದಲು ಮಾಸಿ, ಉಳಿದದ್ದು ಕೆಂಪಾಗಿ ಕಾಣುತ್ತದೆ. ಅಂಥ ಪ್ರತಿಯಲ್ಲಿ ಚೌಕಟ್ಟು, ಚಲನೆ, ತುಟಿ ನೋಡಬಹುದು. ಬಣ್ಣದ ಮಾತಿಗೆ ನೆಗೆಟಿವಿನಿಂದಲೇ ಮಾಡಿದ ಒಳ್ಳೆಯ ಪ್ರತಿ ಬೇಕು.