ಗೇರ್ ಬಾಕ್ಸ್ ಒಪ್ಪಿದಷ್ಟೇ ಕುದುರೆ

2016ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಸೂಪರ್ಬ್‌ನ ತಾಂತ್ರಿಕ ವಿವರದ ಕೋಷ್ಟಕ ಎಲ್ಲಾದರೂ ಸಿಕ್ಕರೆ ಒಮ್ಮೆ ನೋಡಿ. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 180 ಪಿಎಸ್, ಅಂದರೆ 180 ಕುದುರೆ. ಮ್ಯಾನ್ಯುಯಲ್ ಗಾಡಿಗೆ ಟಾರ್ಕ್ 320 ನ್ಯೂಟನ್ ಮೀಟರ್. ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್‌ಗೂ ಅದೇ ಎಂಜಿನ್, ಅದೇ 180 ಪಿಎಸ್, ಆದರೆ ಟಾರ್ಕ್ 250 ಮಾತ್ರ. ಉಳಿದ 70 ಕೊಡಲು ಎಂಜಿನ್ ಸಿದ್ಧವಿತ್ತು. ಅದನ್ನು ಹೊರಲು ಗೇರ್ ಬಾಕ್ಸ್ ಸಿದ್ಧವಿರಲಿಲ್ಲ.

ಆ ಗೇರ್ ಬಾಕ್ಸ್‌ನ ಹೆಸರು ಡಿಕ್ಯು200. ಫೋಕ್ಸ್‌ವ್ಯಾಗನ್ ಬಳಗ ಇದನ್ನು 2008ರಲ್ಲಿ ತಂದಿತು. ಒಳಗೆ ಎರಡು ಒಣ ಕ್ಲಚ್: ಒಂದು 1, 3, 5, 7ನೇ ಗೇರಿಗೆ, ಇನ್ನೊಂದು 2, 4, 6 ಮತ್ತು ರಿವರ್ಸಿಗೆ. ಹೊರುವ ಮಿತಿ 250 ನ್ಯೂಟನ್ ಮೀಟರ್. ಈಗ ವೆಂಟೊ 1.5 ಡೀಸೆಲ್ ಡಿಎಸ್‌ಜಿಯ ಟಾರ್ಕ್ ಎಷ್ಟೆಂದು ನೋಡಿ: 250. ಇವತ್ತಿನ ವರ್ಟಸ್ 1.5 ಟಿಎಸ್‌ಐ? ಅದೂ 250. ಎಂಜಿನ್ ಬೇರೆ, ಇಂಧನ ಬೇರೆ, ಕಾಲ ಬೇರೆ. ಗೆರೆ ಮಾತ್ರ ಎಲ್ಲ ಕಡೆ ಅದೇ ಗೇರ್ ಬಾಕ್ಸಿನದು.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಎಂಜಿನ್ ಸಾಫ್ಟ್‌ವೇರ್ ರೀಮ್ಯಾಪ್ ಮಾಡಿಸಿದರೆ ಎಷ್ಟು ಕುದುರೆ ಸಿಗುತ್ತದೆ’ ಎಂದು ಕೇಳುತ್ತವೆ. ‘ನನ್ನ ಗೇರ್ ಬಾಕ್ಸ್‌ಗೆ ಇನ್ನೆಷ್ಟು ಜಾಗ ಉಳಿದಿದೆ’ ಎಂದು ಕೇಳುವವರು ಅಪರೂಪ. ನಾನು ಎರಡನೆಯದರಿಂದ ಶುರು ಮಾಡುತ್ತೇನೆ. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐಗೂ ಇದೇ ಡಿಕ್ಯು200 ಇತ್ತು. ಅದರ 1.2 ಲೀಟರ್ ಎಂಜಿನ್ ಕೊಡುತ್ತಿದ್ದದ್ದು 105 ಪಿಎಸ್, 175 ನ್ಯೂಟನ್ ಮೀಟರ್. ಮಿತಿಗೆ ಇನ್ನೂ 75 ಬಾಕಿ. ಹುಡುಗರು ಇವತ್ತಿಗೂ ಹಳೆಯ ಜಿಟಿ ಹುಡುಕಿಕೊಂಡು ಹೋಗುವುದು ಸುಮ್ಮನೆ ಅಲ್ಲ. ವರ್ಟಸ್ 1.5 ಆಟೊಮ್ಯಾಟಿಕ್ ಕೊಂಡು ಮರುವಾರವೇ ಲ್ಯಾಪ್‌ಟಾಪ್ ಹಿಡಿದವನ ಮುಂದೆ ನಿಲ್ಲಿಸುವವರಿಗೆ ಆ ಅನುಕೂಲ ಇಲ್ಲ. ಅವರ ಗಾಡಿ ಶೋರೂಮಿನಿಂದ ಹೊರಟಾಗಲೇ ಗೆರೆಯ ಮೇಲೆ ನಿಂತಿದೆ.

‘ಕಂಪನಿ ಒಂದಿಷ್ಟು ಮಾರ್ಜಿನ್ ಇಟ್ಟೇ ಇರುತ್ತದಲ್ಲ ಸರ್’ ಎನ್ನುತ್ತಾರೆ. ಇಟ್ಟಿರುತ್ತದೆ. ಆ ಮಾರ್ಜಿನ್ ಇರುವುದು ಏಪ್ರಿಲ್ ಮಧ್ಯಾಹ್ನಕ್ಕೆ, ಐದು ಜನ ಮತ್ತು ಅವರ ಲಗೇಜು ಹೊತ್ತು ಶಿರಾಡಿ ಘಾಟಿ ಹತ್ತುವುದಕ್ಕೆ, ಅರ್ಧ ಸವೆದ ಕ್ಲಚ್ಚಿಗೆ. ಅದನ್ನು ಟ್ಯೂನರ್ ಖರ್ಚು ಮಾಡಿಬಿಟ್ಟರೆ ಘಾಟಿಗೆ ಏನು ಉಳಿಯಿತು?

ಹಾಗಂತ ಪಿಕಪ್ ಆಸೆ ಬಿಡಿ ಎಂದು ಹೇಳುತ್ತಿಲ್ಲ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದರೆ ಪಿಎಸ್ ಬರುತ್ತದೆ. ಮ್ಯಾನ್ಯುಯಲ್ ಸೂಪರ್ಬ್ 320ನ್ನು 3,900 ಆರ್‌ಪಿಎಂ ತನಕ ಹಿಡಿಯುತ್ತದೆ. ಲೆಕ್ಕ ಹಾಕಿದರೆ 178. ಡಿಎಸ್‌ಜಿ ಗಾಡಿ 250ನ್ನೇ 5,000 ತನಕ ಎಳೆದುಕೊಂಡು ಹೋಗುತ್ತದೆ, ಅದೂ 178. ಕ್ಲಚ್ಚಿಗೆ ಭಾರವಾಗುವುದು ಟಾರ್ಕ್. ಕುದುರೆಯನ್ನು ಟಾರ್ಕ್ ಏರಿಸಿಯೂ ಪಡೆಯಬಹುದು, ಇದ್ದ ಟಾರ್ಕನ್ನೇ ಮೇಲಿನ ಆರ್‌ಪಿಎಂ ತನಕ ಬೀಳದಂತೆ ಹಿಡಿದೂ ಪಡೆಯಬಹುದು. ಕಾರ್ಖಾನೆಯವರು ಎರಡನೆಯ ದಾರಿ ಹಿಡಿದರು.

ನಮ್ಮ ಟ್ಯೂನಿಂಗ್ ಅಂಗಡಿಗಳಲ್ಲಿ ಬಿಕರಿಯಾಗುವುದು ಬಹುತೇಕ ಮೊದಲನೆಯದು. ಕಾರಣವೂ ಸರಳ: ಟ್ರಯಲ್‌ಗೆಂದು ಕರೆದುಕೊಂಡು ಹೋದಾಗ 2,000 ಆರ್‌ಪಿಎಂನಲ್ಲೇ ಬೆನ್ನು ಸೀಟಿಗೆ ಒತ್ತಿಕೊಂಡರೆ ಗಿರಾಕಿ ಅಲ್ಲೇ ದುಡ್ಡು ಎಣಿಸುತ್ತಾನೆ. ಒಂದು ಪೋಲೊ ಜಿಟಿಗೆ ಎರಡು ಮ್ಯಾಪ್ ಇವೆ ಎಂದುಕೊಳ್ಳಿ. ಒಂದು 2,000ದಲ್ಲಿ 250ಕ್ಕೆ ಚಿಮ್ಮಿ, 4,500ರ ಹೊತ್ತಿಗೆ 200ಕ್ಕೆ ಇಳಿಯುತ್ತದೆ. ಆ ಹಂತದಲ್ಲಿ ಪವರ್ 128 ಪಿಎಸ್. ಇನ್ನೊಂದು 210ಕ್ಕೆ ಏರಿ 4,500 ತನಕ ಅಲ್ಲೇ ನಿಲ್ಲುತ್ತದೆ, 134ಕ್ಕೂ ತುಸು ಹೆಚ್ಚು. ಕ್ಲಚ್ಚಿಗೆ 40 ನ್ಯೂಟನ್ ಮೀಟರ್ ಹಗುರ, ಓವರ್‌ಟೇಕ್ ಮಾಡುವಾಗ ಆರು ಕುದುರೆ ಜಾಸ್ತಿ. ನಾನು ಕಣ್ಣು ಮುಚ್ಚಿ ಎರಡನೆಯದನ್ನು ಹಾಕಿಸುತ್ತೇನೆ. ಕೆಳ ಆರ್‌ಪಿಎಂನಲ್ಲಿ ಬೂಸ್ಟ್ ತುಂಬುವುದು ಕ್ಲಚ್ಚಿಗೊಂದೇ ಶತ್ರುವಲ್ಲ. ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಕಾಯಿಲೆ ಹುಟ್ಟುವುದೂ ಅಲ್ಲೇ.

ಬಿಚ್ಚಿದ ಡಿಕ್ಯು200 ಕ್ಲಚ್ಚನ್ನು ಗ್ಯಾರೇಜಿನ ಮೇಜಿನ ಮೇಲೆ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಎರಡು ಪ್ಲೇಟುಗಳ ನಡುವೆ ಕೂರುವ ದಪ್ಪ ಕಬ್ಬಿಣದ ಬಿಲ್ಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಆರಾಮಾಗಿ ಓಡಿದ್ದಾದರೆ ಒಂದೇ ಸಮ ಬೂದು ಬಣ್ಣ. ಬೆಂದದ್ದಾದರೆ ಅಲ್ಲಲ್ಲಿ ನೀಲಿ ಮಚ್ಚೆ, ಮಚ್ಚೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಬಿರುಕು. ಲೈನಿಂಗ್ ಕನ್ನಡಿಯ ಹಾಗೆ ನುಣುಪಾಗಿರುತ್ತದೆ, ವಾಸನೆ ಮೇಜಿನಿಂದ ಮಾರು ದೂರಕ್ಕೂ ಬರುತ್ತದೆ. ಇಂಥವನ್ನು ದಿನಾ ಬಿಚ್ಚುವ ಮೆಕ್ಯಾನಿಕ್ ಒಬ್ಬರು ನನಗೆ ಹೇಳಿದ್ದು: ‘ಹೈವೇಲಿ ಸುಡೋದು ಕಮ್ಮಿ ಸರ್, ಸಿಗ್ನಲ್ಲಲ್ಲಿ ಸುಡೋದೇ ಜಾಸ್ತಿ.’

ಮಾತು ಸರಿ. ಮುಂದಿನ ಗಾಡಿ ಒಂದಡಿ ಹೋದರೆ ತಾನೂ ಒಂದಡಿ ಹೋಗುವ ಬೆಂಗಳೂರಿನ ಚಾಳಿಗೆ ಒಣ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತದೆ. ಸುತ್ತ ಎಣ್ಣೆ ಇಲ್ಲ, ಬಿಸಿ ಹೋಗಲು ದಾರಿ ಇಲ್ಲ. ಮುಂದೆ ಒಂದು ಕಾರು ಹಿಡಿಸುವಷ್ಟು ಜಾಗ ಆಗುವ ತನಕ ಬ್ರೇಕ್ ಒತ್ತಿ ನಿಲ್ಲಿ, ಆಮೇಲೆ ಒಂದೇ ಸಲ ಹೊರಡಿ. ಫ್ಲೈಓವರಿನ ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಬೇಡಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಬಿಸಿಯ ವಿಷಯದಲ್ಲಿ ಈ ಗೇರ್ ಬಾಕ್ಸ್‌ನ ಚರಿತ್ರೆಯೂ ಹೇಳಿಕೊಳ್ಳುವಂಥದ್ದಲ್ಲ. ಬಿಸಿಲು, ತೇವ ಹೆಚ್ಚಿದ ದೇಶಗಳಲ್ಲಿ ಒಳಗಿನ ಸಿಂಥೆಟಿಕ್ ಆಯಿಲ್‌ನಿಂದ ವಿದ್ಯುತ್ ದೋಷ ಬರುತ್ತದೆಂದು 2013ರಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಗಾಡಿಗಳನ್ನು ವಾಪಸು ಕರೆದು ಮಿನರಲ್ ಆಯಿಲ್ ತುಂಬಿತು. ಹಳೆಯ ಜಿಟಿ ಕೊಳ್ಳುವವರು ಆ ಕೆಲಸ ಆಗಿದೆಯೇ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಿಯೇ ಮುಂಗಡ ಕೊಡಿ.

ಗೇರ್ ಬಾಕ್ಸ್‌ನ ಸಾಫ್ಟ್‌ವೇರನ್ನೂ ಟ್ಯೂನ್ ಮಾಡಬಹುದು, ಮಾಡುತ್ತಾರೆ. ಟಾರ್ಕಿನ ಕಟ್ಟುಪಾಡು ಸಡಿಲವಾಗುತ್ತದೆ, ಕ್ಲಚ್ಚಿನ ಹಿಡಿತ ಬಿಗಿಯಾಗುತ್ತದೆ. ಲೈನಿಂಗ್ ಮಾತ್ರ ಹಳೆಯದೇ. 300 ದಾಟುವ ಆಸೆ ಇದ್ದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಆರು ಗೇರಿನ ಡಿಕ್ಯು250 ಇರುವ ಗಾಡಿ ನೋಡಿ. ಅದರ ಮಿತಿ 350. ಪ್ರತಿ 60,000 ಕಿಲೋಮೀಟರಿಗೆ ಅದರ ಆಯಿಲ್ ಬದಲಿಸಬೇಕು, ಅಗ್ಗವಲ್ಲ.

ಇದೆಲ್ಲ ಟರ್ಬೊ ಗಾಡಿಗಳ ಮಾತು. ಟರ್ಬೊ ಇಲ್ಲದ ಸ್ವಿಫ್ಟ್‌ಗೆ ರೀಮ್ಯಾಪ್ ಮಾಡಿಸಿ ನಾಲ್ಕೈದು ಕುದುರೆಗೆ ಹಣ ಸುರಿಯುವವರಿಗೆ ನನ್ನ ಸಲಹೆ: ಗಾಡಿ ತೆಗೆದುಕೊಂಡು ಮಂಗಳೂರಿಗೆ ಹೋಗಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ; ಇಲ್ಲಿನ ಗಾಳಿ ನೂರಕ್ಕೆ ಎಂಟು-ಒಂಬತ್ತರಷ್ಟು ತೆಳು. ಕೆಳಗಿಳಿದರೆ ಅಷ್ಟೂ ಪುಕ್ಕಟೆ ವಾಪಸು, ಜೊತೆಗೆ ಮೀನೂಟ.

ರೀಮ್ಯಾಪ್ ಆದ ಮೇಲೆ ಟ್ಯೂನರ್ ಡೈನೋದ (ಗಾಡಿಯ ಶಕ್ತಿ ಅಳೆಯುವ ಯಂತ್ರದ) ಚೀಟಿ ಕೊಟ್ಟರೆ ಮೊದಲು ದೊಡ್ಡ ಅಂಕಿ ನೋಡಬೇಡಿ, ಗೆರೆ ನೋಡಿ. ಅದೇ ಡೈನೋದಲ್ಲಿ ಅದೇ ದಿನ ಮ್ಯಾಪಿಗೆ ಮುಂಚೆ ತೆಗೆದ ಗೆರೆಯೂ ಪಕ್ಕದಲ್ಲಿರಬೇಕು. ಟಾರ್ಕ್ ಗೆರೆ ಗೋಪುರದ ಹಾಗೆ ನಿಂತಿದ್ದರೆ ಕತ್ತರಿಸಿ ಕೊಡಲು ಹೇಳಿ. ಸಾಫ್ಟ್‌ವೇರ್ ಬಲ್ಲವನಿಗೆ ಅದು ಕಷ್ಟವಲ್ಲ, ಒಪ್ಪದವನ ಹತ್ತಿರ ಗಾಡಿ ಬಿಡಬೇಡಿ. ಟೈರು, ಬ್ರೇಕ್ ಪ್ಯಾಡು ಇದಕ್ಕೆಲ್ಲ ಮುಂಚೆಯೇ ಆಗಿರಬೇಕೆಂದು ಬೇರೆ ಹೇಳಬೇಕಿಲ್ಲ.

ಕಾನೂನಿನ ಮಾತು ಯಾರಿಗೂ ರುಚಿಸದು, ಆದರೂ ಕೇಳಿ. ಆರ್‌ಸಿಯ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬದಲಾದ 182ಎ ಪ್ರಕಾರ ನಿಯಮ ಮೀರಿದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಸಜೆ, ಇಲ್ಲವೇ ಎರಡೂ. ವಿಮೆಯವರಿಗೆ ತಿಳಿಸದೆ ಮಾಡಿಸಿದ್ದರೆ ಕ್ಲೇಮ್ ತಿರಸ್ಕರಿಸಲು ಅವರಿಗೊಂದು ನೆಪ ಕೊಟ್ಟ ಹಾಗೆ. ಫೋಕ್ಸ್‌ವ್ಯಾಗನ್ ಬಳಗದ ಡೀಲರ್ ಕಂಪ್ಯೂಟರಿಗೆ ಬದಲಾದ ಸಾಫ್ಟ್‌ವೇರ್ ಕಣ್ಣಿಗೆ ಬಿದ್ದರೆ ಗಾಡಿಯ ಹೆಸರಿನಲ್ಲಿ ಟಿಡಿ1 ಎಂಬ ಗುರುತು ಬೀಳುತ್ತದೆ. ಆಮೇಲೆ ಹಳೆಯ ಮ್ಯಾಪ್ ವಾಪಸು ಹಾಕಿಸಿದರೂ ಆ ಗುರುತು ಹೋಗುವುದಿಲ್ಲ, ಎಂಜಿನ್ ಗೇರ್ ಬಾಕ್ಸ್‌ಗಳ ವಾರಂಟಿ ಕೇಳಲು ಬಾಯಿರುವುದಿಲ್ಲ. ಹಾಗಾಗಿ ಹೊಸ ಗಾಡಿಯವರು ವಾರಂಟಿ ಮುಗಿಯುವ ತನಕ ಕಾಯಿರಿ. ಅಷ್ಟರಲ್ಲಿ ಸಿಗ್ನಲ್ಲಿನಲ್ಲಿ ಕಾಯುವ ಅಭ್ಯಾಸವೂ ಆಗಿರುತ್ತದೆ.