ಹೊನ್ನಮ್ಮ ಕಟ್ಟಿದ ಸುಂಕ

ಎಂ.ಎ. ಓದುತ್ತಿದ್ದ ದಿನಗಳು. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ನಮ್ಮ ಕೇರಿಗೆ ನಡೆಯುವಾಗ ಬ್ಯಾಗಿನಲ್ಲಿ ಸಂಚಿಯ ಹೊನ್ನಮ್ಮನ 'ಹದಿಬದೆಯ ಧರ್ಮ' ಇತ್ತು. ಆ ರಾತ್ರಿ ಅವ್ವನಿಗೆ ಒಂದಷ್ಟು ಪದ್ಯ ಓದಿ ಅರ್ಥ ಹೇಳಿದೆ. ಹಗಲೆಲ್ಲ ಬ್ಯಾರನ್ ಮುಂದೆ ಕೂತು ಹೊಗೆಸೊಪ್ಪು ಕಟ್ಟಿ ಬಂದಿದ್ದ ಅವ್ವನ ಬೆರಳುಗಳು ಕಪ್ಪಗೆ ಅಂಟಂಟಾಗಿದ್ದವು. ಗಂಡನ ಸೇವೆ, ಅತ್ತೆಮಾವಂದಿರ ಉಪಚಾರ ಎಲ್ಲ ಕೇಳಿಸಿಕೊಂಡು, "ಇದು ಮನೇಲಿ ಕುಂತಿರೋ ಹೆಂಗಸ್ರಿಗೆ ಬರ್ದಿರೋದು ಕನವ್ವ. ನಾವು ಹೊಸ್ಲು ದಾಟ್ದೆ ಇದ್ರೆ ಒಲೆ ಹತ್ತದಾ?" ಅಂದಳು. ಆಮೇಲೆ ಇನ್ನೊಂದು ಕೇಳಿದಳು: "ಬರ್ದೋಳು ಅರಮನೇಲಿ ಚಾಕ್ರಿಗಿದ್ದೋಳು ಅಂದ್ಯಲ್ಲ, ಅವ್ಳೇನು ಮನೇಲಿ ಕುಂತಿದ್ಲಾ?"

ಈ ಎರಡನೆಯ ಪ್ರಶ್ನೆ ನಾನು ಓದಿದ್ದ ಯಾವ ನೋಟ್ಸಿನಲ್ಲೂ ಇರಲಿಲ್ಲ.

ಹೊನ್ನಮ್ಮ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಊಳಿಗದ ಹೆಣ್ಣು. ನಮ್ಮ ವಿಮರ್ಶೆ ಆಕೆಯನ್ನು ಎರಡು ಬಗೆಯಲ್ಲಿ ಓದಿದೆ. ಒಂದು, ಪತಿವ್ರತಾ ಧರ್ಮ ಸಾರಿದ ಆದರ್ಶ ಕವಯಿತ್ರಿ ಎಂದು. ಇನ್ನೊಂದು, ಗಂಡಸರ ಮಾತನ್ನು ಒಪ್ಪಿಸಿದ ಗಿಣಿ ಎಂದು. ಹೆಣ್ಣನ್ನು ಹೀಗಳೆಯುವವರಿಗೆ ಹೆತ್ತ ತಾಯಿಯನ್ನು ನೆನಪಿಸಿದಳೆಂಬ ಕಾರಣಕ್ಕೆ ಅಷ್ಟು ರಿಯಾಯಿತಿ. ಎರಡೂ ಓದುಗಳು ಆಕೆಯ ದುಡಿಮೆಯನ್ನು ಮರೆತಿವೆ. ಊಳಿಗದವಳೊಬ್ಬಳು ಒಡೆಯರ ಆಶ್ರಯದಲ್ಲಿ ಕೂತು ಗರತಿಯರ ಧರ್ಮ ಬರೆದಳು. ಬರೆಯುವ ಅಪ್ಪಣೆಗೆ ಆಕೆ ಕಟ್ಟಿದ ಸುಂಕ ಅದು ಎಂದು ನನಗನ್ನಿಸುತ್ತದೆ. ಸುಂಕ ಕಟ್ಟಿದ ಮೇಲೆ ತನ್ನದೇ ಆದ ಆ ತಾಯಿಯ ಮಾತನ್ನೂ ಒಳಗೆ ದಾಟಿಸಿದಳು.

ಇದು ಕನ್ನಡದೊಂದೇ ಕತೆಯಲ್ಲ. ಚೀನಾದಲ್ಲಿ ಹೊನ್ನಮ್ಮನಿಗೆ ಒಂದೂವರೆ ಸಾವಿರ ವರ್ಷ ಮೊದಲೇ ಬಾನ್ ಝಾವೋ ಇದ್ದಳು. ಚಿಕ್ಕ ವಯಸ್ಸಿಗೇ ಗಂಡ ಸತ್ತ. ಅಣ್ಣ ಬಾನ್ ಗು ಮುಗಿಸದೇ ಹೋದ ಹಾನ್ ವಂಶದ ಚರಿತ್ರೆಯನ್ನು ಪೂರ್ತಿ ಮಾಡಿದಳು. ಅರಮನೆಯಲ್ಲಿ ರಾಣಿಗೆ ಪಾಠ ಹೇಳಿದಳು. ಹೆಣ್ಣು ತಗ್ಗಿ ಬಗ್ಗಿ ನಡೆಯಬೇಕೆಂದು ಏಳು ಅಧ್ಯಾಯದ ನೀತಿಪುಸ್ತಕ ಬರೆದವಳೂ ಇವಳೇ. ಆ ನೀತಿಯ ನಡುವೆಯೇ, ಗಂಡುಮಕ್ಕಳಿಗೆ ಮಾತ್ರ ಓದು ಕಲಿಸುವುದು ಯಾವ ನ್ಯಾಯ ಎಂದೂ ಕೇಳುತ್ತಾಳೆ. ಹಾಗಂತ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಬಾನ್ ಝಾವೋ ವಿದ್ವಾಂಸರ ಮನೆಯ ಮಗಳು, ಹೊನ್ನಮ್ಮ ಸಂಚಿ ಹಿಡಿದವಳು. ಸುಂಕ ಇಬ್ಬರಿಗೂ ಇತ್ತು. ಕಟ್ಟುವ ಶಕ್ತಿ ಒಂದೇ ಇರಲಿಲ್ಲ.

ಇನ್ನು ನಮ್ಮವಳು. 12ನೇ ಶತಮಾನದ ಕಾಳವ್ವೆ, ತಿನ್ನುವ ಆಹಾರದಿಂದ ಕುಲ ಅಳೆಯುವವರನ್ನು ನೇರವಾಗಿ ಕೆಣಕಿದ ಶರಣೆ. ಆದರೆ ವಚನ ಸಂಪುಟಗಳಲ್ಲಿ ಅವಳ ಗುರುತು 'ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ'. ಅಂಕಿತದಲ್ಲೂ ಗಂಡನ ಹೆಸರೇ. ಜಾತಿಯನ್ನು ಅಷ್ಟು ಗಟ್ಟಿಯಾಗಿ ಪ್ರಶ್ನಿಸಿದವಳನ್ನೂ ನಾವು ಹೆಂಡತಿಯಾಗಿಯೇ ಪಟ್ಟಿ ಮಾಡಿಕೊಂಡಿದ್ದೇವೆ.

ಈಗ ನಮ್ಮ ಅಂಗಳದ ಮಾತು. ಮೊದಲ ಸಲ ಕವಿಗೋಷ್ಠಿಗೆ ಹೋದಾಗ ನಾನು ಓದಿದ್ದು ಪ್ರೇಮದ ಪದ್ಯ. ವೇದಿಕೆ ಇಳಿದ ಮೇಲೆ ನಮ್ಮವರೇ ಆದ ಅಣ್ಣ ಒಬ್ಬರು, "ಚೆನ್ನಾಗೈತೆ ಕನವ್ವ, ಆದ್ರೆ ನಮ್ ನೋವು ಬರ್ಲಿಲ್ಲ. ಅವ್ವನ ಮ್ಯಾಲೊಂದು ಬರಿ" ಅಂದರು. ಬರೆದೆ. ಚಪ್ಪಾಳೆಯೂ ಬಿತ್ತು. ಆ ಪದ್ಯದ ಅವ್ವ ಅಳುತ್ತಿದ್ದಳು. ಹೊನ್ನಮ್ಮನ ಬಗ್ಗೆ ಪ್ರಶ್ನೆ ಕೇಳಿದ ನನ್ನ ಅವ್ವ ಅದರೊಳಗೆ ಇರಲಿಲ್ಲ. ನಾನೂ ಸುಂಕ ಕಟ್ಟಿದ್ದೆ. ದೇವನೂರರ 'ಒಡಲಾಳ'ದ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಹುಡುಕಾಡುವ, ಬಯ್ಯುವ, ಮನೆ ಆಳುವ ಹೆಂಗಸು. ಅಂಥವಳು ನಮ್ಮ ಸಾಹಿತ್ಯದಲ್ಲಿ ಇದ್ದಾಗಲೂ ವೇದಿಕೆಗಳು ಕೇಳಿದ್ದು ಕಣ್ಣೀರಿನ ಅವ್ವನನ್ನೇ.

ಚಳವಳಿಯೇ ಸುಂಕದ ಕಟ್ಟೆಯಾದರೆ ಏನಾಗುತ್ತದೆ ಎಂಬುದಕ್ಕೆ ಡಿಂಗ್ ಲಿಂಗ್ ಸಾಕ್ಷಿ. ಚೀನಾದ ಕ್ರಾಂತಿಯ ನೆಲೆಯಾಗಿದ್ದ ಯಾನಾನಿನಲ್ಲಿ, 1942ರ ಮಾರ್ಚ್‌ನಲ್ಲಿ, ಮಹಿಳಾ ದಿನದ ನೆಪದಲ್ಲಿ ಆಕೆ ಒಂದು ಲೇಖನ ಬರೆದಳು. ಮದುವೆಯಾಗದ ಸಂಗಾತಿಯನ್ನೂ ಆಡಿಕೊಳ್ಳುತ್ತೀರಿ, ಆದವಳನ್ನೂ ಆಡಿಕೊಳ್ಳುತ್ತೀರಿ, ಮಕ್ಕಳನ್ನು ಸಾಕುತ್ತ ಉಳಿದವಳನ್ನು ಹಿಂದುಳಿದವಳು ಅನ್ನುತ್ತೀರಿ ಎಂಬುದು ಅದರ ತಿರುಳು. ಪಕ್ಷ ಅದನ್ನು ಖಂಡಿಸಿತು, ಆಕೆ ತಪ್ಪೊಪ್ಪಿಕೊಳ್ಳಬೇಕಾಯಿತು. 1957ರಲ್ಲಿ ಬಲಪಂಥೀಯಳೆಂಬ ಹಣೆಪಟ್ಟಿ ಬಿತ್ತು. ಆಮೇಲೆ ದೂರದ ಈಶಾನ್ಯದ ಹೊಲಗಳಿಗೆ ದುಡಿಯಲು ಕಳಿಸಿದರು. ಅದೇ 1942ರ ಜುಲೈನಲ್ಲಿ ನಾಗಪುರದ ದಲಿತ ಮಹಿಳೆಯರ ಸಮ್ಮೇಳನದಲ್ಲಿ ಬಾಬಾಸಾಹೇಬರು, ಸಮುದಾಯದ ಪ್ರಗತಿಯನ್ನು ತಾವು ಹೆಣ್ಣುಮಕ್ಕಳ ಪ್ರಗತಿಯಿಂದ ಅಳೆಯುವುದಾಗಿ ಹೇಳಿದ್ದರು. ಆ ಅಳತೆಗೋಲು ನಮ್ಮ ಕೈಲೇ ಇದೆ, ವಿಮರ್ಶೆಯಲ್ಲಿ ಬಳಸುತ್ತಿಲ್ಲ.

ದು. ಸರಸ್ವತಿಯವರ 'ಸಣ್ತಿಮ್ಮಿ ರಾಮಾಯಣ' ನೋಡಿ ಜನ ಬಿದ್ದು ಬಿದ್ದು ನಗುವಾಗ, ಇದು ದಲಿತ ಸಂವೇದನೆಯೇ ಎಂದು ಅನುಮಾನಿಸುವವರು ತಾವು ಯಾವ ಕಟ್ಟೆಯಲ್ಲಿ ಕೂತಿದ್ದೇವೆ ಎಂದು ನೋಡಿಕೊಳ್ಳಬೇಕು. ದಲಿತ ಹೆಣ್ಣು ತನ್ನ ಆಸೆ ಬರೆಯಲಿ, ನಗಲಿ, ನಮ್ಮ ಗಂಡಸರೊಡನೆ ಜಗಳವಾಡಲಿ. ಅವಳ ಪದ್ಯ ಕೈಗೆ ಬಂದಾಗ ನೋವು ಎಷ್ಟಿದೆ ಎಂದು ತೂಗುವ ಮೊದಲು ಅವಳು ಕೇಳಿರುವ ಪ್ರಶ್ನೆ ಏನು ಎಂದು ನೋಡೋಣ. ನನ್ನ ಅವ್ವನ ಪ್ರಶ್ನೆ ನನ್ನ ಪದ್ಯಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಕೇಳಲು ಅವಳಿಲ್ಲ.